ಒಂದಿಷ್ಟು ಸೀಳು ಬೇಕಾಗಿದೆ

ಇಂಪಾದ ದನಿಗಾಗಿ ಜನ ಏನೇನು ಕಷ್ಟಪಡುತ್ತಾರೆ ನೋಡಿ. ಹಾಡುವವರು ಬೆಳಗ್ಗೆ ಎದ್ದು ಬಿಸಿನೀರಿಗೆ ಜೇನುತುಪ್ಪ ಬೆರೆಸಿ ಕುಡಿಯುತ್ತಾರೆ, ಮೊಸರು ಬಿಡುತ್ತಾರೆ, ಸ್ವಲ್ಪ ಥಂಡಿ ಗಾಳಿ ಬೀಸಿದರೂ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಓಡಾಡುತ್ತಾರೆ. ಇದು ಎಲ್ಲರಿಗೂ ಅರ್ಥವಾಗುವ ಕಷ್ಟ, ಪಾಪ ಅನ್ನುತ್ತಾರೆ. ನನ್ನ ಕಷ್ಟಕ್ಕೆ ಪಾಪ ಅನ್ನುವವರೂ ಇರಲಿಲ್ಲ. ಹನ್ನೊಂದು ವರ್ಷಗಳಿಂದ ನಾನು ಹುಡುಕುತ್ತಿದ್ದುದು ಒಂದು ಒಡಕು ದನಿಯನ್ನು. ಅದೂ ನನ್ನ ಗಂಟಲಿಗಲ್ಲ, ನನ್ನ ಗಿಟಾರಿಗೆ. ಗಂಟಲಿಗಾಗಿದ್ದರೆ ಚಾಮರಾಜನಗರದ ಬಸ್ ಸ್ಟ್ಯಾಂಡಿನ ಧೂಳೇ ಸಾಕಾಗಿತ್ತು, ಯಾರ ಹಂಗೂ ಇಲ್ಲದೆ ಒಂದೇ ಬೇಸಿಗೆಯಲ್ಲಿ ಸಂಪಾದಿಸಿಕೊಳ್ಳಬಹುದಿತ್ತು.

ಮೈಸೂರಿನಲ್ಲಿ ಓದುವಾಗ ಹಾಸ್ಟೆಲ್ಲಿನ ಒಬ್ಬನ ಹತ್ತಿರ ಒಂದು ಕ್ಯಾಸೆಟ್ಟಿತ್ತು. ಎಪ್ಪತ್ತರ ದಶಕದ ಇಂಗ್ಲಿಷ್ ರಾಕ್ ಹಾಡುಗಳು. ಅದರಲ್ಲೊಂದು ಹಾಡಿನ ನಡುವೆ ಗಿಟಾರು ಇಪ್ಪತ್ತು ಸೆಕೆಂಡಿನ ಒಂದು ತುಣುಕು ನುಡಿಸುತ್ತದೆ. ಹಾಡಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ಅದನ್ನು ಹುಡುಕಿ ಕೇಳಿ, ನನ್ನ ಪ್ರಯತ್ನದ ಪಕ್ಕದಲ್ಲಿಟ್ಟು ನೋಡುವ ಅಪಾಯವಿದೆ. ಹೊಸ ಪಂಚೆಯನ್ನು ಎರಡು ಕೈಯಲ್ಲಿ ಹಿಡಿದು ಹರಿದ ಹಾಗೆ ಆ ಸದ್ದು ಶುರುವಾಗುತ್ತದೆ. ಆಮೇಲೆ ಸ್ವರಗಳು ಒಂದರ ಮೈಮೇಲೊಂದು ಬಿದ್ದುಕೊಂಡು ಮೇಲಕ್ಕೆ ಹತ್ತುತ್ತವೆ. ಕೊನೆಯ ಸ್ವರವಂತೂ ಸಾಯುವುದೇ ಇಲ್ಲ, ನಿಂತಲ್ಲೇ ನಿಂತು ಬೆಳೆದು ಬೆಳೆದು ಊಳಿಡತೊಡಗುತ್ತದೆ. ಮೊದಲ ಸಲ ಕೇಳಿದಾಗ ನನ್ನ ತೋಳಿನ ಮೇಲಿನ ಕೂದಲೆಲ್ಲ ಎದ್ದು ನಿಂತಿತ್ತು. ಅದೇ ಗೆಳೆಯನಿಂದ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರನ್ನೂ ಕೊಂಡೆ. ಕೆಲಸ ಸಿಕ್ಕಿತು, ಮದುವೆಯಾಯಿತು, ತಲೆಯ ಮೇಲಿನ ಕೂದಲು ಉದುರಿತು, ಆ ಸದ್ದು ಮಾತ್ರ ಸಿಕ್ಕಲಿಲ್ಲ.

ಇದರಲ್ಲಿ ನಮ್ಮ ಭಾಷೆಯದೂ ಸ್ವಲ್ಪ ತಪ್ಪಿದೆ. ನನಗೆ ಬೇಕಾದ ಆ ಗುಣಕ್ಕೆ ನಮ್ಮ ಕಡೆ ಇರುವ ಮಾತುಗಳೆಲ್ಲ ದೂರುಗಳೇ: ಒಡಕು, ಗೊಗ್ಗರು, ಕರಕರ. ಮೈಕ್‌ಸೆಟ್ಟಿನವರು ಅದನ್ನು ‘ಸೀಳು’ ಅನ್ನುತ್ತಾರೆ. ಮೈಕಿನಲ್ಲಿ ಮಾತಾಡುವಾಗ ಸದ್ದು ಒಡೆದು ಕಿವಿಗೆ ರಾಚಿತೆಂದರೆ ‘ಸೌಂಡು ಸೀಳ್ತಾ ಅದೆ’ ಎಂದು ಓಡಿ ಹೋಗಿ ಗುಂಡಿ ತಿರುಗಿಸುತ್ತಾರೆ. ಅಂಥವರ ಎದುರು ಹೋಗಿ, ನನಗೆ ಒಳ್ಳೆಯ ಸೀಳು ಮಾಡಿಕೊಡಿ ಎಂದು ಕೇಳುವುದು, ದರ್ಜಿಯ ಹತ್ತಿರ ಹೋಗಿ ಹೊಸ ಅಂಗಿಯನ್ನು ಹರಿದುಕೊಡಿ ಅಂದ ಹಾಗೆ.

ನಾನು ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ಚಾಮರಾಜನಗರದಲ್ಲಿ. ದಿನವೂ ತೆರಕಣಾಂಬಿಯ ಮೇಲೆ ಬಸ್ಸಿನಲ್ಲಿ ಹೋಗಿ ಬರುವುದು. ನನ್ನ ಹೆಂಡತಿ ನಾಗರತ್ನ ಕುದೇರಿನಲ್ಲಿ ಶಾಲಾ ಶಿಕ್ಷಕಿ. ಭಾನುವಾರ ಬಂತೆಂದರೆ ಅವಳು ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಕ್ಕಳ ನೋಟ್‌ಬುಕ್ಕು ತಿದ್ದುತ್ತಾಳೆ, ನಾನು ರೂಮಿನ ಬಾಗಿಲು ಹಾಕಿಕೊಂಡು ಆ ಇಪ್ಪತ್ತು ಸೆಕೆಂಡಿನ ತುಣುಕು ನುಡಿಸುತ್ತೇನೆ. ಸದ್ದು ಒಡೆಯಲೆಂದು ಬೆಂಗಳೂರಿನಿಂದ ತರಿಸಿದ ಪೆಡಲ್ ಡಬ್ಬಿಗಳು ನಾಲ್ಕು. ಒಂದರಲ್ಲಿ ಸದ್ದು ಜೇನುಹುಳು ಹಾರಿದಂತೆ ಬರುತ್ತಿತ್ತು, ಇನ್ನೊಂದರಲ್ಲಿ ಮಧ್ಯೆ ಮಧ್ಯೆ ತಮಿಳು ರೇಡಿಯೋ ಬರುತ್ತಿತ್ತು. ಪಕ್ಕದ ಮನೆಯ ಪುಟ್ಟಮ್ಮ ಒಂದು ದಿನ ಬಂದು, “ಮೇಡಮ್ಮೋರೇ, ನಿಮ್ಮ ಮಿಕ್ಸಿ ಕೆಟ್ಟೋಗಿರಂಗದೆ. ನಮ್ಮನೇಲೇ ಒಸಿ ರುಬ್ಕಳಿ, ನಾಚ್ಕಬ್ಯಾಡಿ” ಅಂದಳು. ನಾಗರತ್ನ ಆವತ್ತು ನಗಲಿಲ್ಲ.

ಆ ವರ್ಷ ಜಿಲ್ಲಾ ಮಟ್ಟದ ನೌಕರರ ಕ್ರೀಡಾಕೂಟ ಮತ್ತು ಸಾಂಸ್ಕೃತಿಕ ಸ್ಪರ್ಧೆಯ ಸುತ್ತೋಲೆ ಬಂದಾಗ ನಾನು ಅದನ್ನು ಮನೆಯಲ್ಲಿ ಮೇಜಿನ ಮೇಲೆ ಮರೆತು ಬಿಟ್ಟೆ. ನಾಗರತ್ನ ಅದನ್ನು ಓದಿದಳು. ಕೆಂಪು ಪೆನ್ನಿನ ಮುಚ್ಚಳ ಹಾಕಿ, “ಹನ್ನೊಂದು ವರ್ಷದಿಂದ ಸಿಗ್ತದೆ ಸಿಗ್ತದೆ ಅಂತೀರಿ. ಈ ಸಲ ಹೆಸರು ಕೊಡಿ. ನಾಲ್ಕು ಜನರ ಮುಂದೆ ಆ ಸದ್ದು ಬಂದ್ರೆ ನಾನು ಜನ್ಮದಲ್ಲಿ ತುಟಿ ಎರಡು ಮಾಡಲ್ಲ. ಬರಲಿಲ್ಲ ಅಂದ್ರೆ ಗಿಟಾರು ಈ ಮನೆಯಿಂದ ಹೊರಗೆ” ಅಂದಳು. ಬಂತೋ ಇಲ್ಲವೋ ಎಂದು ಯಾರು ತೀರ್ಮಾನಿಸುವುದು ಎಂದು ಕೇಳಿದೆ. “ನೀವೇ ಹೇಳಿ. ಸುಳ್ಳು ಹೇಳಿದ್ರೆ ನನಗೆ ಗೊತ್ತಾಗ್ತದೆ. ದಿನಾ ಅರವತ್ತು ಮಕ್ಕಳನ್ನ ನೋಡ್ತೀನಿ” ಅಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಕಚೇರಿಯಲ್ಲಿ ನಾನು ಕಡತ ಹೊರುವ ನೂರು ಜನರಲ್ಲಿ ಒಬ್ಬ. ಆ ಗಿಟಾರೊಂದು ಗೋಡೆಗೆ ಒರಗಿರುವವರೆಗೆ ಮಾತ್ರ, ನಾನು ಬೇರೇನೋ ಆಗಬಹುದಾಗಿದ್ದವನು ಎಂದು ನಂಬಿಕೊಂಡಿರಲು ಸಾಧ್ಯವಿತ್ತು. ಅದು ಹೋದರೆ ಉಳಿಯುವುದು ಕಡತ.

ಸ್ಪರ್ಧೆಗೆ ಒಂದೂವರೆ ತಿಂಗಳಿತ್ತು. ಸೈಬರ್ ಕೆಫೆಗೆ ಹೋಗಿ ಕೂತು ಓದಿದೆ. ಆ ಕಾಲದ ಸದ್ದೆಲ್ಲ ಹಳೆಯ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವು ಇರುವ ಆಂಪ್ಲಿಫೈಯರಿನಿಂದ ಬಂದದ್ದು, ಡಬ್ಬಿಗಳಿಂದ ಆಗುವ ಕೆಲಸವಲ್ಲ ಎಂದು ಅಲ್ಲಿ ಯಾರೋ ಪುಣ್ಯಾತ್ಮ ಬರೆದಿದ್ದ. ಸದ್ದು ಉಬ್ಬಿಸುವ ಗೇನ್ ಗುಂಡಿ ಪೂರ್ತಿ ತಿರುಗಿಸಿ, ಬಾಸ್ ಕಮ್ಮಿ, ಮಿಡ್ ಜಾಸ್ತಿ ಮಾಡಿ ಎಂದೂ ಇತ್ತು. ಅದನ್ನೆಲ್ಲ ಪ್ರಯಾಣ ಭತ್ಯೆಯ ಫಾರಮ್ಮಿನ ಹಿಂದೆ ಬರೆದುಕೊಂಡೆ. ನಮ್ಮ ಕಡೆ ಗಾಜಿನ ವಾಲ್ವಿನ ಸೆಟ್ಟು ಯಾರ ಹತ್ತಿರ ಇದ್ದೀತು ಎಂದು ವಿಚಾರಿಸಿದರೆ ಎಲ್ಲರೂ ಗುಂಡ್ಲುಪೇಟೆಯ ಮಾದೇವಣ್ಣನ ಹೆಸರು ಹೇಳಿದರು.

ಮಾದೇವಣ್ಣ ಮೂವತ್ತು ವರ್ಷಗಳಿಂದ ಮೈಕ್‌ಸೆಟ್ ಇಟ್ಟವರು. ಮದುವೆ, ತಿಥಿ, ಚುನಾವಣೆ, ಎಲ್ಲಕ್ಕೂ ಅವರದೇ. ಹಳೆಯ ವಾಲ್ವ್ ಸೆಟ್ಟೊಂದು ಅಟ್ಟದಲ್ಲಿ ಗೋಣಿಚೀಲದೊಳಗಿತ್ತು. ಇಳಿಸಿ, ಧೂಳು ಊದಿ, ಪ್ಲಗ್ ಹಾಕಿದರು. ವಾಲ್ವುಗಳು ನಿಧಾನವಾಗಿ ಕೆಂಪಗಾದವು. “ನೋಡಿ ಸಾರ್, ಇನ್ನೂ ಜೀವ ಅದೆ. ಮಾತು ಮುತ್ತಂಗೆ ಬತ್ತದೆ” ಅಂದರು. ನನಗೆ ಮುತ್ತು ಬೇಡ, ಸೀಳು ಬೇಕು ಅಂದೆ. ಅವರು ನನ್ನ ಮುಖ ನೋಡಿದರು.

“ಸೀಳು ಓಡ್ಸಕ್ಕೆ ಅಂತ್ಲೇ ಮೂವತ್ತು ವರ್ಸದಿಂದ ಒದ್ದಾಡ್ತಾ ಇವ್ನಿ. ನೀವು ಬೇಕು ಅಂತೀರಲ್ಲ, ಉಸಾರಾಗಿದ್ದೀರಾ ಸಾರ್?”

ನಾನು ರಾಕ್ ಸಂಗೀತದ ಇತಿಹಾಸವನ್ನೆಲ್ಲ ವಿವರಿಸಿದೆ. ಅರ್ಧ ಗಂಟೆಯಾಗಿರಬೇಕು. ಅವರು ತಲೆಯಾಡಿಸುತ್ತಾ ಕೇಳಿ, ಕೊನೆಗೆ, “ಆಗ್ಲಿ ತಕಳಿ ಸಾರ್, ನಿಮ್ಮಂತೋರು ಕೇಳ್ದಾಗ ಇಲ್ಲ ಅನ್ನಕಾದದಾ? ಬಾಡ್ಗೆ ಗೀಡ್ಗೆ ಏನೂ ಬ್ಯಾಡ. ಸ್ಪರ್ಧೆಗೂ ನಂದೇ ಮೈಕ್‌ಸೆಟ್ಟು. ನಾನಿರ್ತೀನಿ, ಯೋಚ್ನೆ ಮಾಡ್ಬ್ಯಾಡಿ” ಅಂದರು. ಯೋಚನೆ ಮಾಡಬೇಡಿ ಅಂದ ಆ ಮಾತಿನ ಬಗ್ಗೆ ನಾನು ಅಲ್ಲೇ ನಿಂತು ಯೋಚನೆ ಮಾಡಬೇಕಾಗಿತ್ತು.

ಸೆಟ್ಟನ್ನು ಬಸ್ಸಿನಲ್ಲಿ ತಂದದ್ದು ನನ್ನ ಬಾಳಿನ ಅತ್ಯಂತ ಉದ್ದದ ಪ್ರಯಾಣ. ಗಾಜಿನ ವಾಲ್ವು ಒಂದು ಒಡೆದರೂ ಕಥೆ ಮುಗಿಯಿತು. ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲೂ ತಬ್ಬಿಕೊಂಡು, ರಸ್ತೆಯ ಪ್ರತಿ ಉಬ್ಬಿಗೂ ಸೀಟಿನಿಂದ ಸ್ವಲ್ಪ ಮೇಲೆದ್ದು ಕಾಲಿನ ಮೇಲೆ ಭಾರ ಬಿಡುತ್ತಿದ್ದೆ. ತೆರಕಣಾಂಬಿಯಲ್ಲಿ ಹತ್ತಿದ ಅಜ್ಜಿಯೊಬ್ಬಳು ತನ್ನ ಸೊಪ್ಪಿನ ಮೂಟೆಯನ್ನು ಅದರ ಮೇಲಿಡಲು ಬಂದಳು. “ಅಜ್ಜಿ, ಬೇಡ, ಒಳಗೆ ಗಾಜಿದೆ” ಅಂದೆ. “ಗಾಜಾ? ಯಾರ್ಗಪ್ಪ, ಕಣ್ಣಾಪ್ರೇಸನ್ ಆಗದಾ?” ಎಂದು ಮೂಟೆಯನ್ನು ಕೆಳಗಿಟ್ಟು, ಊರು ತಲುಪುವವರೆಗೂ ನನ್ನನ್ನು ಕನಿಕರದಿಂದ ನೋಡಿದಳು. ಇಳಿದಾಗ ನನ್ನ ಕಾಲುಗಳಲ್ಲಿ ನಡುಕವಿತ್ತು. ವಾಲ್ವುಗಳು ಕ್ಷೇಮವಾಗಿದ್ದವು.

ಮನೆಯಲ್ಲಿ ಹಾಕಿ ನೋಡಿದರೆ ಮಾದೇವಣ್ಣ ಹೇಳಿದ್ದು ನಿಜವಾಗಿತ್ತು. ಗಿಟಾರು ಮುತ್ತಿನಂತೆ ನುಡಿಯಿತು. ತುಣುಕಿನ ಗೋಜಿಗೆ ಹೋಗದೆ, ಒಂದೊಂದೇ ತಂತಿ ಮೀಟಿ ಗುಂಡಿ ತಿರುಗಿಸುತ್ತ ನಾಲ್ಕು ಭಾನುವಾರ ಕಳೆದರೂ ಅದೇ ಮುತ್ತು. ಐದನೆಯ ಭಾನುವಾರ ಧೈರ್ಯ ಮಾಡಿ ಸೆಟ್ಟಿನ ತಳ ಬಿಚ್ಚಿ, ಮೊದಲ ವಾಲ್ವಿನಿಂದ ಹೊರಟ ಸದ್ದನ್ನು ಇನ್ನೊಂದು ವಾಲ್ವಿನೊಳಕ್ಕೆ ಮತ್ತೊಮ್ಮೆ ತುರುಕುವ ಹಾಗೆ ಒಂದು ವೈರನ್ನು ಬೆಸುಗೆ ಹಾಕಿದೆ. ಬೆರಳೂ ಸುಟ್ಟುಕೊಂಡೆ. ಸದ್ದು ಬೀದಿಗೆ ಕೇಳಬಾರದೆಂದು ಸ್ಪೀಕರನ್ನು ಬೀರುವಿನೊಳಗೆ, ನಾಗರತ್ನಳ ರೇಷ್ಮೆ ಸೀರೆಗಳ ನಡುವೆ ಇಟ್ಟು ಬಾಗಿಲು ಹಾಕಿದೆ. ಅವಳು ಹಿತ್ತಲಲ್ಲಿದ್ದಳು. ಅವಳು ಬರುವುದರೊಳಗೆ ಸೀರೆ ಮಡಿಕೆ ಕೆಡದಂತೆ ಎಲ್ಲವನ್ನೂ ತೆಗೆದಿಡಬೇಕು. ತಂತಿ ಮೀಟಿದೆ.

ಬೀರುವಿನೊಳಗಿನಿಂದ ಆ ಸದ್ದು ಬಂತು. ಅದೇ. ಹಾಸ್ಟೆಲ್ಲಿನಲ್ಲಿ ಕೇಳಿದ್ದ ಅದೇ ಸದ್ದು, ಹರಿಯುತ್ತ, ಬೆಳೆಯುತ್ತ, ಬೀರುವಿನ ಬಾಗಿಲನ್ನು ನಡುಗಿಸುತ್ತ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. “ಬಂತು! ಬಂತು!” ಎಂದು ಕಿರುಚಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಬೀದಿಯಲ್ಲಿ ಬಂತು ಎಂದು ಯಾರಾದರೂ ಕೂಗಿದರೆ ಅದಕ್ಕೆ ಅರ್ಥ ಒಂದೇ. ನಾನು ಹೊರಗೆ ಬರುವಷ್ಟರಲ್ಲಿ ಪುಟ್ಟಮ್ಮ ಎರಡು ಕೊಡ ಹಿಡಿದು ನಲ್ಲಿಯ ಮುಂದೆ ನಿಂತಿದ್ದಳು, ಅವಳ ಹಿಂದೆ ಇನ್ನೂ ಆರು ಜನ. ನಾಗರತ್ನ ಕೂಡ ಬಕೆಟ್ಟು ಹಿಡಿದೇ ಓಡಿ ಬಂದಳು. ನಾಲ್ಕು ಸೆಕೆಂಡು ಬಂದಿದ್ದ ಆ ಸದ್ದನ್ನು ನನ್ನ ಹೊರತು ಕೇಳಿದವರು ಯಾರೂ ಇರಲಿಲ್ಲ. ಕರೆಂಟು ವಾಪಸು ಬಂದ ಮೇಲೂ ಹೆದರಿ ಮತ್ತೆ ಮೀಟಲಿಲ್ಲ. ಬಂದ ಭಾಗ್ಯ ಹೊರಟು ಹೋದೀತು ಎಂದು ಸ್ಪರ್ಧೆಯ ದಿನದವರೆಗೆ ಸೆಟ್ಟನ್ನು ಬಟ್ಟೆ ಮುಚ್ಚಿ ಮಂಚದ ಕೆಳಗಿಟ್ಟೆ.

ಸ್ಪರ್ಧೆಯ ದಿನ ಬೆಳಗ್ಗೆ ಎಂಟಕ್ಕೇ ಸಭಾಂಗಣಕ್ಕೆ ಹೋಗಿ ವೇದಿಕೆಯ ಮೂಲೆಯಲ್ಲಿ ಎಲ್ಲವನ್ನೂ ಜೋಡಿಸಿದೆ. ಮಾದೇವಣ್ಣ ಹೊರಗೆ ಹಾರನ್ ಸ್ಪೀಕರ್ ಕಟ್ಟುತ್ತಿದ್ದರು. ಸಣ್ಣಗೆ ಒಂದು ಸಲ ಮೀಟಿ ನೋಡಿದೆ, ಸೀಳು ಜಾಗದಲ್ಲೇ ಇತ್ತು. ವಾದ್ಯ ಸಂಗೀತದಲ್ಲಿ ಕೊಳಲು, ಹಾರ್ಮೋನಿಯಂ, ತಬಲಾ ಎಂದು ವಿಭಾಗಗಳಿದ್ದವು. ಗಿಟಾರನ್ನು ಎಲ್ಲಿ ಹಾಕುವುದೆಂದು ತಿಳಿಯದೆ ನನ್ನನ್ನು ‘ಇತರೆ’ಗೆ ಸೇರಿಸಿದ್ದರು. ‘ಇತರೆ’ ಬರುವುದು ಊಟವಾದ ಮೇಲೆ. ಅದಕ್ಕೆ ಮೊದಲು ಭಾವಗೀತೆ, ಕೋಲಾಟ, ಆಮೇಲೆ ತಹಸೀಲ್ದಾರ್ ಕಚೇರಿಯವರೊಬ್ಬರ ಏಕಪಾತ್ರಾಭಿನಯ. ಅವರು ತೊಡೆ ಮುರಿಸಿಕೊಂಡು ಸಾಯಲು ಮುಕ್ಕಾಲು ಗಂಟೆ ತೆಗೆದುಕೊಂಡರು. ಎಲ್ಲವನ್ನೂ ವೇದಿಕೆಯ ಮೇಲೇ ಬಿಟ್ಟು ಊಟಕ್ಕೆ ಹೋಗಿ ಬಂದೆ. ನಾಗರತ್ನ ತನ್ನ ಶಾಲೆಯ ಇಬ್ಬರು ಮೇಡಂಗಳ ಜೊತೆ ಬಂದು ಮೂರನೆಯ ಸಾಲಿನಲ್ಲಿ ಕೂತಳು. ದೂರದಿಂದಲೇ ಕೈ ಎತ್ತಿದಳು. ಆ ಕೈ ಗಿಟಾರಿಗೆ ಟಾಟಾ ಹೇಳಿದ ಹಾಗೆ ಕಂಡಿತು.

ಹೆಸರು ಕರೆದರು. ತೀರ್ಪುಗಾರರಲ್ಲಿ ಒಬ್ಬರು ನಿವೃತ್ತ ಸಂಗೀತ ಮೇಷ್ಟ್ರು, ಆಗಲೇ ಕಣ್ಣು ಮುಚ್ಚಿದ್ದರು. ನಾನು ನಮಸ್ಕಾರ ಮಾಡಿ, ಉಸಿರು ಎಳೆದುಕೊಂಡು, ಕೈ ಬೀಸಿ ಮೊದಲ ಸ್ವರ ಮೀಟಿದೆ.

ಟಿಣ್.

ಮುತ್ತು. ತೊಳೆದ ಮುತ್ತು. ದೇವರ ಮನೆಯ ಗಂಟೆಯಂತೆ ಅಚ್ಚುಕಟ್ಟಾಗಿ, ಸ್ವಚ್ಛವಾಗಿ ಆ ಸ್ವರ ಸಭಾಂಗಣದ ತುಂಬ ಹರಡಿತು. ಗೇನ್ ಗುಂಡಿ ನೋಡಿದೆ, ಪೂರ್ತಿ ತಿರುಗಿಸಿಯೇ ಇತ್ತು. ನಿಲ್ಲಿಸುವಂತಿಲ್ಲ. ಮುಂದಿನ ಸ್ವರ, ಅದರ ಮುಂದಿನದು, ಹೇಗೋ ಇಪ್ಪತ್ತು ಸೆಕೆಂಡಿನ ತುಣುಕು ಮುಗಿಸಿ ಕೊನೆಯ ಸ್ವರಕ್ಕೆ ಬಂದೆ. ವಾದ್ಯಕ್ಕೆ ಇದ್ದ ಅವಧಿ ಐದು ನಿಮಿಷ. ಆ ಕೊನೆಯ ಸ್ವರವನ್ನು ಊಳಿಡಲು ಬಿಟ್ಟು, ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಚೆಲ್ಲಿ, ಉಳಿದ ಹೊತ್ತನ್ನೆಲ್ಲ ಅದರಲ್ಲೇ ಕಳೆಯುವುದೆಂದು ನಾನು ಲೆಕ್ಕ ಹಾಕಿದ್ದೆ. ಸೀಳಿಲ್ಲದ ಸ್ವರ ಊಳಿಡುವುದಿಲ್ಲ. ಮೂರು ಸೆಕೆಂಡಿನಲ್ಲಿ ಅದು ಸತ್ತು ಹೋಯಿತು. ಸಭಾಂಗಣದಲ್ಲಿ ಫ್ಯಾನು ತಿರುಗುವ ಸದ್ದು ಕೇಳಿಸಿತು.

ಆಗ ನನಗೆ ಹೊಳೆಯಿತು: ನನಗೆ ಬೇರೇನೂ ನುಡಿಸಲು ಬರುವುದಿಲ್ಲ. ಹನ್ನೊಂದು ವರ್ಷ ಪ್ರತಿ ಭಾನುವಾರ ಸದ್ದನ್ನು ಪರೀಕ್ಷಿಸಲೆಂದು ಆ ಒಂದು ತುಣುಕನ್ನೇ ನುಡಿಸಿದ್ದೆನೇ ಹೊರತು ಅದರ ಹಿಂದಿನದನ್ನಾಗಲಿ ಮುಂದಿನದನ್ನಾಗಲಿ ಕಲಿತಿರಲಿಲ್ಲ. ದಾರಿ ಕಾಣದೆ ಮತ್ತೆ ಮೊದಲಿನಿಂದ ಶುರು ಮಾಡಿದೆ. ಮುಗಿಯಿತು. ಮತ್ತೆ. ನಾಲ್ಕನೆಯ ಸಲಕ್ಕೆ ಇನ್ನೊಂದು ವಿಷಯ ಕಿವಿಗೆ ಬಿತ್ತು. ನಡುವಿನ ಎರಡು ಸ್ವರ ಪ್ರತಿ ಸಲವೂ ತಪ್ಪುತ್ತಿತ್ತು, ಬೆರಳು ತಡವಾಗಿ ಬಂದು ಪಕ್ಕದ ತಂತಿಗೆ ಒರಸುತ್ತಿತ್ತು. ಜೇನುಹುಳುವಿನ ಗದ್ದಲದಲ್ಲಿ ಇಷ್ಟು ವರ್ಷ ಅದು ಕೇಳಿಸಿರಲೇ ಇಲ್ಲ. ಆರನೆಯ ಸಲಕ್ಕೆ ಆರೋಗ್ಯ ಇಲಾಖೆಯವರು ಭಜನೆಗೆ ತಟ್ಟುವ ಹಾಗೆ ಚಪ್ಪಾಳೆ ತಟ್ಟತೊಡಗಿದರು. ಎಂಟನೆಯ ಸಲಕ್ಕೆ ಇಡೀ ಸಭೆ ಸೇರಿಕೊಂಡಿತು. ಆ ಎರಡು ಸ್ವರ ಬಂದಾಗಲೆಲ್ಲ ಎಲ್ಲರ ತಾಳವೂ ನನ್ನ ಜೊತೆಯಲ್ಲೇ ತಪ್ಪುತ್ತಿತ್ತು. ಹದಿಮೂರು ಸಲ ನುಡಿಸಿದೆ. ಗಂಟೆ ಬಾರಿಸಿದರು.

ವೇದಿಕೆ ಇಳಿದವನೇ ಮಾದೇವಣ್ಣನ ಮೇಜಿನ ಹತ್ತಿರ ನುಗ್ಗಿದೆ. ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆಂದೇ ಹೋಗಿದ್ದೆ. ಅವರು ಎದ್ದು ನಿಂತು ನನ್ನ ಎರಡು ಕೈಯನ್ನೂ ಹಿಡಿದುಕೊಂಡರು.

“ಎಂಗಿತ್ತು ಸಾರ್ ಸೌಂಡು? ನೀವು ಊಟಕ್ಕೋದಾಗ ಒಂದ್ಸಲ ಟೆಸ್ಟ್ ಮಾಡಾನ ಅಂತ ಮುಟ್ದೆ. ಅಯ್ಯೋ ಸಿವ್ನೇ, ಏನ್ ಸೀಳು ಅಂತೀರಿ! ನಿಮ್ ಮಾನ ಓಗ್ಬುಡದಲ್ಲ ಅಂತ ಕೈಕಾಲೇ ಆಡ್ಲಿಲ್ಲ. ಬಿಚ್ಚಿ ನೋಡುದ್ರೆ ಯಾವನೋ ಕೈಲಾಗ್ದೋನು ಒಳ್ಗೆ ವೈರು ತಪ್ಪಾಗಿ ಬೆಸುಗೆ ಆಕ್ಬುಟ್ಟವ್ನೆ. ಕಿತ್ತಾಕ್ದೆ. ಒಂದು ವಾಲ್ವೂ ವೀಕಾಗಿತ್ತು, ನನ್ತಾವ ಒಂದೇ ಒಂದು ಸ್ಪೇರಿತ್ತು, ಅದ್ನೇ ಆಕ್ದೆ. ಸರಿ ಮಾಡ್ಬುಟ್ಟೆ ಕಣ್ ಸಾರ್!”

ಅವರು ಊಟವನ್ನೂ ಮಾಡಿರಲಿಲ್ಲ. ತಟ್ಟೆಯಲ್ಲಿ ಅನ್ನ ಹಾಗೇ ಆರಿ ಕೂತಿತ್ತು. ಆ ಕೈಲಾಗದವನು ಯಾರೆಂದು ನಾನು ಹೇಳಲಿಲ್ಲ. “ಬಹಳ ಉಪಕಾರವಾಯ್ತು ಮಾದೇವಣ್ಣ” ಅಂದೆ. ಸಂಜೆ ಫಲಿತಾಂಶ ಓದಿದರು. ‘ಇತರೆ’ ವಿಭಾಗದಲ್ಲಿ ಇದ್ದ ಸ್ಪರ್ಧಿ ನಾನೊಬ್ಬನೇ. ನನಗೆ ಎರಡನೆಯ ಬಹುಮಾನ ಬಂತು.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ನಾಗರತ್ನ ಕೇಳಿದಳು, “ಬಂತಾ?” ಜನ ಚಪ್ಪಾಳೆ ತಟ್ಟಿದ್ದರು, ಕೈಯಲ್ಲಿ ಪ್ರಶಸ್ತಿ ಪತ್ರವಿತ್ತು. ಬಂತು ಅಂದುಬಿಟ್ಟರೆ ಗಿಟಾರು ಉಳಿಯುತ್ತಿತ್ತು. ಅವಳ ಮುಖ ನೋಡಿ ನಾಲಗೆ ಹೊರಳಲಿಲ್ಲ. “ಇಲ್ಲ” ಅಂದೆ. ಗಿಟಾರನ್ನು ಅವಳ ಮುಂದೆ ಗೋಡೆಗೆ ಒರಗಿಸಿದೆ.

ಅವಳು ಗಿಟಾರನ್ನೂ ನನ್ನನ್ನೂ ಒಮ್ಮೆ ನೋಡಿ, “ಆ ಸದ್ದು ಹೇಗಿರ್ತದೋ ನನಗೆ ಗೊತ್ತಿಲ್ಲ ಕಣ್ರೀ. ಆದ್ರೆ ಹನ್ನೊಂದು ವರ್ಷದಲ್ಲಿ ಇವತ್ತೇ ನೀವು ಏನು ನುಡಿಸ್ತೀರಿ ಅಂತ ನನಗೆ ಕೇಳಿಸಿದ್ದು. ಚೆನ್ನಾಗಿದೆ. ಅದಾದ ಮೇಲೆ ಮುಂದೆ ಏನು ಬರ್ತದೆ?” ಅಂದಳು. ನನಗೆ ಗೊತ್ತಿಲ್ಲ ಅಂದೆ. “ಹಾಗಾದ್ರೆ ಕಲೀರಿ. ಕಲಿಯೋವರೆಗೆ ಇರ್ಲಿ” ಅಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಮಾತಿನೊಳಗಿದ್ದ ಶಿಕ್ಷೆ ತಕ್ಷಣಕ್ಕೆ ಹೊಳೆಯಲೇ ಇಲ್ಲ.

ಮುಂದಿನ ಭಾನುವಾರ ಹೊಳೆಯಿತು. ರೂಮಿನಲ್ಲಿ ಕೂತು ನುಡಿಸತೊಡಗಿದರೆ ಹಾಲಿನಿಂದ, “ತಪ್ಪು” ಎಂದು ದನಿ ಬಂತು. ಮತ್ತೆ ನುಡಿಸಿದೆ. “ಅದೇ ಎರಡು. ಮತ್ತೆ ತಪ್ಪು.” ನೋಟ್‌ಬುಕ್ಕಿನಿಂದ ತಲೆ ಎತ್ತದೆ, ಕೆಂಪು ಪೆನ್ನು ಆಡಿಸುತ್ತಲೇ ಅವಳು ನನ್ನನ್ನೂ ತಿದ್ದುತ್ತಿದ್ದಳು. ಮುತ್ತಿನಂಥ ಸದ್ದಿನಲ್ಲಿ ಅಡಗಿಕೊಳ್ಳಲು ಒಂದು ಇರುವೆಗೂ ಜಾಗವಿರಲಿಲ್ಲ. ಪುಟ್ಟಮ್ಮ ಕಿಟಕಿಯ ಹತ್ತಿರ ನಿಂತು, “ಈಗ ಮಿಕ್ಸಿ ಸರ್ಯಾಗದೆ, ಸಾರು ಮಾಡಕ್ಕೇ ಬರಾಕಿಲ್ಲ” ಎಂದು ತೀರ್ಪು ಕೊಟ್ಟಳು. ಮೂರು ಭಾನುವಾರ ತಡೆದುಕೊಂಡೆ. ಮಾರನೆಯ ಸೋಮವಾರ ಸೆಟ್ಟನ್ನು ಬಸ್ಸಿಗೆ ಹಾಕಿಕೊಂಡು ನೇರ ಮಾದೇವಣ್ಣನ ಅಂಗಡಿಗೆ ಹೋದೆ.

ಅವರ ಮುಂದೆ ಕೂತು, ಆ ಕಾಲದ ಸಂಗೀತದ ಆತ್ಮವೇ ಆ ಸೀಳಿನಲ್ಲಿದೆಯೆಂದೂ, ಕಲಾವಿದನಾದವನು ತನ್ನ ನಾದಕ್ಕೆ ನಿಷ್ಠನಾಗಿರಬೇಕೆಂದೂ, ಆದ್ದರಿಂದ ಕಿತ್ತ ವೈರನ್ನು ದಯವಿಟ್ಟು ಮೊದಲಿದ್ದ ಹಾಗೇ ಬೆಸೆದುಕೊಡಬೇಕೆಂದೂ ಬಹಳ ಗಂಭೀರವಾಗಿ ವಿವರಿಸಿದೆ. ಆ ಎರಡು ಸ್ವರಗಳ ಸುದ್ದಿ ಎತ್ತಲಿಲ್ಲ. ಮಾದೇವಣ್ಣ ಸ್ಕ್ರೂಡ್ರೈವರನ್ನು ಕೈಗೇ ತೆಗೆದುಕೊಳ್ಳಲಿಲ್ಲ. ತಲೆ ಕೆರೆದುಕೊಂಡರು.

“ಮೇಡಮ್ಮೋರು ನೆನ್ನೇನೇ ಫೋನ್ ಮಾಡಿದ್ರು ಸಾರ್.”

“ಏನಂದಳು?”

“‘ಅವ್ರು ಬಂದು ಕಲೆ ಗಿಲೆ ಅಂತ ಏನೇನೋ ಯೋಳ್ತಾರೆ, ಕೇಳ್ಬ್ಯಾಡಿ. ನಡುವಿನ ಎರಡು ಸ್ವರ ಸರ್ಯಾಗೋಗಂಟ ಸೀಳು ಕೊಡ್ಬ್ಯಾಡಿ’ ಅಂದ್ರು. ಅವು ಯಾವೆರಡು ಅಂತ ಬಾಯಲ್ಲಿ ಆಡಿ ತೋರ್ಸುದ್ರು ಸಾರ್.” ಹೀಗೆಂದು ಮಾದೇವಣ್ಣ ಸಂಕೋಚದಿಂದ ನೆಲ ನೋಡುತ್ತಾ, ಆ ಎರಡು ಸ್ವರಗಳನ್ನು ನಾನು ತಪ್ಪುವ ಹಾಗೆಯೇ, ಒಂದಿಷ್ಟೂ ಸೀಳಿಲ್ಲದೆ, ಹಾಡಿ ತೋರಿಸಿದರು.